57ಕ್ಕೇ ಕೆಲಸ ಬಿಟ್ಟರೆ ಮರೆವು ಬೇಗ ಬರುತ್ತದೆಯೇ?

ದಫ್ತರದಾಕೆ, ಕಲಬುರಗಿ

ಕಂದಾಯ ಇಲಾಖೆಯ ರೆಕಾರ್ಡ್ ರೂಮಿನಲ್ಲಿ ಪ್ರಥಮ ದರ್ಜೆ ಸಹಾಯಕಿಯಾಗಿದ್ದೇನೆ. ವಯಸ್ಸು 57. ಇನ್ನೂ ಮೂರು ವರ್ಷ ಸೇವೆ ಇದೆ. ಮಗ, ಸೊಸೆ ಪುಣೆಯಲ್ಲಿದ್ದಾರೆ. ಇಬ್ಬರೂ ಬೆಳಿಗ್ಗೆ ಮನೆ ಬಿಟ್ಟರೆ ಸೇರುವುದು ರಾತ್ರಿಗೆ. ಮೊಮ್ಮಗಳಿಗೆ ಎರಡು ತುಂಬಿದೆ. "ದುಡಿದದ್ದು ಸಾಕಮ್ಮ, ಸ್ವಯಂ ನಿವೃತ್ತಿ ತೆಗೆದುಕೊಂಡು ಬಂದುಬಿಡು" ಎಂದು ಮಗ ದೀಪಾವಳಿಯಿಂದ ಬೆನ್ನು ಬಿದ್ದಿದ್ದಾನೆ. ಮೂರು ತಿಂಗಳ ನೋಟಿಸ್ ಕೊಟ್ಟರೆ ಮುಗಿಯಿತು. ನನ್ನ ಮಂಡಿಗಳೂ ಮಗನ ಪಕ್ಷವನ್ನೇ ವಹಿಸಿವೆ, ಏಕೆಂದರೆ ನಮ್ಮ ಶಾಖೆ ಇರುವುದು ಮೇಲಿನ ಮಹಡಿಯಲ್ಲಿ.

ಆದರೂ ಅರ್ಜಿ ಬರೆಯಲು ಕೈ ಏಳುತ್ತಿಲ್ಲ. ನಮ್ಮಲ್ಲಿ ಶಿರಸ್ತೇದಾರರಾಗಿದ್ದವರೊಬ್ಬರು ಊರು ಮತ್ತು ಸರ್ವೆ ನಂಬರ್ ಹೇಳಿದರೆ ಸಾಕು, ಬಸ್ತಾ, ಅಂದರೆ ಬಟ್ಟೆಯಲ್ಲಿ ಕಟ್ಟಿದ ಕಾಗದದ ಗಂಟು, ಯಾವ ಕಪಾಟಿನ ಯಾವ ಸಾಲಿನಲ್ಲಿದೆ ಎಂದು ಕುಳಿತಲ್ಲಿಂದಲೇ ಹೇಳುತ್ತಿದ್ದರು. ನಿವೃತ್ತರಾದ ಮೂರನೆಯ ವರ್ಷಕ್ಕೆ ಸೂಪರ್ ಮಾರ್ಕೆಟ್‌ನಲ್ಲಿ ಸಿಕ್ಕಿದ್ದರು. "ನಿಮ್ಮ ಮಗನಿಗೆ ಮದುವೆ ಆಯಿತೇ?" ಎಂದು ಕೇಳಿದರು. ಉತ್ತರ ಕೊಟ್ಟೆ. ಮತ್ತೆ ಕೇಳಿದರು. ಹೀರೇಕಾಯಿ ತೂಕ ಹಾಕಿಸುವಷ್ಟರಲ್ಲಿ ಮತ್ತೊಮ್ಮೆ ಕೇಳಿದರು. ಮದುವೆಗೆ ಅವರೇ ಬಂದು ಅಕ್ಷತೆ ಹಾಕಿದ್ದರು. ಕಚೇರಿಯಲ್ಲಿ ಇದನ್ನು ಹೇಳಿದರೆ ಎಲ್ಲರದೂ ಒಂದೇ ಮಾತು: "ಕುರ್ಚಿ ಹೋಯಿತು, ತಲೆಯೂ ಹೋಯಿತು."

ನನ್ನ ಕೆಲಸ ಎಂಥದ್ದು ಎಂದು ಸ್ವಲ್ಪ ಹೇಳಬೇಕು. ನಮ್ಮ ಭಾಗ 1948ರವರೆಗೆ ನಿಜಾಮರ ಆಡಳಿತದಲ್ಲಿತ್ತು. ಹಾಗಾಗಿ ಹಳೆಯ ಜಮೀನು ಕಾಗದಗಳು ಉರ್ದುವಿನಲ್ಲಿವೆ. ಅದೂ ಅಚ್ಚಿನ ಉರ್ದುವಲ್ಲ. ಚುಕ್ಕೆಗಳನ್ನು ಅರ್ಧಕ್ಕರ್ಧ ಬಿಟ್ಟು ಓಡಿಸಿದ ಶಿಕಸ್ತಾ ಬರಹ. ನಾನು ಶಾಲೆಯಲ್ಲಿ ಉರ್ದು ಕಲಿತವಳಲ್ಲ. ಸೇವೆಗೆ ಸೇರಿದ ಹೊಸದರಲ್ಲಿ ಹಳೆಯ ಗುಮಾಸ್ತರೊಬ್ಬರು ಪಕ್ಕದಲ್ಲಿ ಕೂರಿಸಿಕೊಂಡು ಕಲಿಸಿದರು. ಈಗ ಶಾಖೆಯಲ್ಲಿ ಅದನ್ನು ಓದುವವಳು ನಾನೊಬ್ಬಳೇ. ಮೊನ್ನೆ ಅಫಜಲಪುರದ ಕಡೆಯ ಅಣ್ಣ ತಮ್ಮಂದಿರು ಪಾಲಿನ ವ್ಯಾಜ್ಯಕ್ಕೆಂದು ನಕಲು ಕೇಳಿ ಬಂದಿದ್ದರು. ಕೆಂಪು ಬಟ್ಟೆಯ ಗಂಟು ಬಿಚ್ಚಿದರೆ ಹಾಳೆಯ ಅಂಚನ್ನೆಲ್ಲ ಹುಳು ತಿಂದಿದೆ. ಸನ್ 1356 ಫಸಲಿ, ನಿಜಾಮರ ಕಾಲದ ಕಂದಾಯ ವರ್ಷ. 590 ಕೂಡಿಸಿದರೆ 1946. ಪಟ್ಟಾದಾರನ ತಂದೆಯ ಹೆಸರಿನ ಮೊದಲ ಅಕ್ಷರಕ್ಕೆ ಚುಕ್ಕೆ ಮೇಲಿದ್ದರೆ ನಾಗಣ್ಣ, ಕೆಳಗಿದ್ದರೆ ಬಾಗಣ್ಣ. ಅಲ್ಲಿ ಚುಕ್ಕೆಯೇ ಇಲ್ಲ. ಅಣ್ಣ ನಾಗಣ್ಣ ಎನ್ನುತ್ತಾನೆ, ತಮ್ಮ ಬಾಗಣ್ಣ ಎನ್ನುತ್ತಾನೆ. ನಾಲ್ಕು ಹಾಳೆ ಮುಂದೆ ಹೋಗಿ ಅದೇ ಕೈಬರಹದಲ್ಲಿ ಅದೇ ಮನುಷ್ಯನ ಇನ್ನೊಂದು ಹೊಲದ ನಮೂದು ಹುಡುಕಿದೆ. ಅಲ್ಲಿ ಗುಮಾಸ್ತ ಪುಣ್ಯಾತ್ಮ ಚುಕ್ಕೆ ಇಟ್ಟಿದ್ದ. ಕೆಳಗೆ. ತಮ್ಮನ ಮುಖ ನೋಡಬೇಕಿತ್ತು.

ಪುಣೆಯ ಫ್ಲಾಟಿನಲ್ಲಿ ಇದಕ್ಕೆ ಬದಲಾಗಿ ಏನಿದೆ? ನಿವೃತ್ತಿಯಿಂದಲೇ ಬುದ್ಧಿ ಮಂಕಾಗುತ್ತದೆ ಎಂಬುದು ನಿಜವೇ, ಅಥವಾ ಕಚೇರಿಯ ಹರಟೆಯೇ? ಇನ್ನು ಮೂರು ವರ್ಷ ಹಲ್ಲು ಕಚ್ಚಿ ನಿಂತರೆ ಏನಾದರೂ ಲಾಭವಿದೆಯೇ? ಮಗನ ಮುಂದೆ ಕೇಳಲಾಗದ ಇನ್ನೊಂದು ಪ್ರಶ್ನೆಯೂ ಇದೆ: ದಿನವಿಡೀ ಮಗು ನೋಡಿಕೊಳ್ಳುವುದು ತಲೆಗೆ ಕೆಲಸವೋ ಅಲ್ಲವೋ? ಬಾದಾಮಿ ನೆನೆಸಿ ತಿನ್ನಿ, ಸುಡೊಕು ಬಿಡಿಸಿ ಎನ್ನುವವರು ದಯವಿಟ್ಟು ಶ್ರಮ ತೆಗೆದುಕೊಳ್ಳಬೇಡಿ.

ಬೀದರ ಲೆಕ್ಕಿಗ

ಬಾದಾಮಿಯ ಗೊಡವೆ ನನಗಿಲ್ಲ. ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಪಾಠ ಮಾಡಿ ನಿವೃತ್ತನಾದವನು. ಲೆಕ್ಕದ ಮಟ್ಟಿಗೆ ಹೇಳುತ್ತೇನೆ.

ಮೊದಲು ನಿಮ್ಮ ಶಿರಸ್ತೇದಾರರ ವಿಷಯ. ಅವರಿಗೆ ಯಾವ ಕಾಯಿಲೆಯೋ ನಾನು ಹೇಳಲಾರೆ. ಆದರೆ ಅಲ್ಝೈಮರ್‌ನಂಥ ಕಾಯಿಲೆಯಲ್ಲಿ ಲಕ್ಷಣ ಕಾಣಿಸಿಕೊಳ್ಳುವುದಕ್ಕೆ 15–20 ವರ್ಷ ಮೊದಲೇ ಮೆದುಳಿನಲ್ಲಿ ಬದಲಾವಣೆ ಶುರುವಾಗಿರುತ್ತದೆ. ನಿವೃತ್ತಿಯ ಮೂರನೆಯ ವರ್ಷಕ್ಕೆ ಕಂಡದ್ದು ನಿವೃತ್ತಿಯಿಂದಲೇ ಬಂತು ಎನ್ನಲು ಆಧಾರವಿಲ್ಲ. ಕಚೇರಿಯಲ್ಲಿ ಅದೇ ಕಪಾಟು, ಅದೇ ಸಾಲು, ಮಾತು ತಪ್ಪಿದರೆ ತಿದ್ದುವ ಸಹಾಯಕರು ಇರುತ್ತಾರೆ. ಅಂಥ ಕಡೆ ಸಣ್ಣ ಮರೆವು ಎಷ್ಟೋ ವರ್ಷ ಬಚ್ಚಿಟ್ಟುಕೊಳ್ಳಬಲ್ಲದು.

ಸಂಶೋಧಕರಿಗೂ ಇದೇ ತೊಡಕು. ಬೇಗ ನಿವೃತ್ತರಾದವರ ನೆನಪು ಕಡಿಮೆಯೆಂದು ಕಂಡರೆ, ಕೆಲಸ ಬಿಟ್ಟದ್ದರಿಂದ ನೆನಪು ಹೋಯಿತೋ, ನೆನಪು ಕೈಕೊಡುತ್ತಿದೆಯೆಂದೇ ಕೆಲಸ ಬಿಟ್ಟರೋ? ಇದನ್ನು ಬಿಡಿಸಲು ಅರ್ಥಶಾಸ್ತ್ರದವರು ಒಂದು ಉಪಾಯ ಹೂಡಿದರು. ಪಿಂಚಣಿ ಸಿಗುವ ವಯಸ್ಸು ದೇಶದಿಂದ ದೇಶಕ್ಕೆ ಬೇರೆ. ಸರ್ಕಾರ ಯಾರ ತಲೆಯನ್ನೂ ಪರೀಕ್ಷಿಸಿ ಆ ವಯಸ್ಸನ್ನು ಗೊತ್ತು ಮಾಡಿರುವುದಿಲ್ಲ. ಆದ್ದರಿಂದ ಕಾನೂನಿನ ಕಾರಣಕ್ಕೆ ಬೇಗ ಬಿಟ್ಟವರನ್ನೂ ತಡವಾಗಿ ಬಿಟ್ಟವರನ್ನೂ ಹೋಲಿಸಬಹುದು. 2010ರಲ್ಲಿ ರೋವೆಡರ್ ಮತ್ತು ವಿಲಿಸ್ ಎಂಬಿಬ್ಬರು ಅಮೆರಿಕ, ಇಂಗ್ಲೆಂಡ್ ಮತ್ತು ಯುರೋಪಿನ 11 ದೇಶಗಳ ಸಮೀಕ್ಷೆಗಳನ್ನು ಹೀಗೆ ನೋಡಿದರು. ಪರೀಕ್ಷೆ ಸರಳ: ಹತ್ತು ಪದ ಓದಿ ಹೇಳುತ್ತಾರೆ, ಕೂಡಲೇ ಎಷ್ಟು ನೆನಪಿವೆ, ಸ್ವಲ್ಪ ಹೊತ್ತಿನ ಮೇಲೆ ಎಷ್ಟು. ಒಟ್ಟು 20 ಅಂಕ. ಅರವತ್ತರ ಆಸುಪಾಸಿನಲ್ಲೇ ಜನ ಮನೆ ಸೇರುವ ದೇಶಗಳಲ್ಲಿ ಅಂಕ ಎದ್ದು ಕಾಣುವಷ್ಟು ಕಡಿಮೆಯಿತ್ತು.

ನಿಮಗೆ ಹೆಚ್ಚು ಹತ್ತಿರದ್ದು ಲಂಡನ್ನಿನ ಸರ್ಕಾರಿ ನೌಕರರ ಅಧ್ಯಯನ. ವೈಟ್‌ಹಾಲ್ ಎನ್ನುತ್ತಾರೆ. 3433 ನೌಕರರನ್ನು ನಿವೃತ್ತಿಗೆ ಮೊದಲೂ ಆಮೇಲೂ ವರ್ಷಗಟ್ಟಲೆ ಅಳೆದು ನೋಡಿ 2018ರಲ್ಲಿ ಪ್ರಕಟಿಸಿದರು. ವಯಸ್ಸಿನಿಂದ ಆಗುವ ಇಳಿಕೆಯನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೂ, ಪದಗಳನ್ನು ನೆನಪಿಡುವ ಶಕ್ತಿ ನಿವೃತ್ತಿಯ ನಂತರ ಶೇ 38ರಷ್ಟು ಹೆಚ್ಚು ವೇಗದಲ್ಲಿ ಇಳಿದಿತ್ತು. ಗಮನಿಸಿ, ನೆನಪು ಶೇ 38 ಹೋಯಿತು ಎಂದಲ್ಲ. ಇಳಿಯುವ ವೇಗ ಹೆಚ್ಚಿತು ಎಂದು. ತರ್ಕ, ಪದಗಳನ್ನು ಸರಾಗವಾಗಿ ಹೇಳುವ ಶಕ್ತಿ ಮುಂತಾದವುಗಳಲ್ಲಿ ಅಂಥ ಬದಲಾವಣೆ ಕಾಣಲಿಲ್ಲ. ಇನ್ನೊಂದು ಸಂಗತಿ: ಮೇಲಿನ ದರ್ಜೆಯ ಅಧಿಕಾರಿಗಳ ನೆನಪು ಕೆಲಸದಲ್ಲಿದ್ದಷ್ಟು ದಿನ ನಿಧಾನವಾಗಿ ಇಳಿಯುತ್ತಿತ್ತು. ನಿವೃತ್ತರಾದ ಮೇಲೆ ಸಾಹೇಬರೂ ಗುಮಾಸ್ತರೂ ಒಂದೇ ವೇಗಕ್ಕೆ ಬಂದರು. ನಿಮ್ಮ ಕಚೇರಿಯ ಮಾತು ಪೂರ್ತಿ ಹರಟೆಯಲ್ಲ.

ಮೂರು ವರ್ಷದ ಲಾಭ ಕೇಳಿದಿರಿ. ಫ್ರಾನ್ಸಿನಲ್ಲಿ ಅಂಗಡಿ, ಕಸುಬು ನಡೆಸಿ ನಿವೃತ್ತರಾದ 4,29,803 ಜನರ ದಾಖಲೆ ನೋಡಿದ ಅಧ್ಯಯನವೊಂದು 2014ರಲ್ಲಿ ಬಂತು. ನಿವೃತ್ತಿ ಒಂದು ವರ್ಷ ಮುಂದೆ ಹೋದಂತೆ ಡಿಮೆನ್ಶಿಯಾ, ಅಂದರೆ ಮರೆವಿನ ಕಾಯಿಲೆಯ ಸಾಧ್ಯತೆ ಶೇ 3.2ರಷ್ಟು ಕಡಿಮೆ. ಮೂರು ವರ್ಷಕ್ಕೆ ಸುಮಾರು ಶೇ 9. ಸಾವಿರ ಜನರಲ್ಲಿ ನೂರು ಮಂದಿಗೆ ಬರುವ ಕಡೆ 91 ಮಂದಿಗೆ ಬರುತ್ತದೆ ಎಂದಿಟ್ಟುಕೊಳ್ಳಿ. ಅದೂ ಬರೀ ಸಂಬಂಧ, ಕಾರ್ಯಕಾರಣವಲ್ಲ. ಇಷ್ಟಕ್ಕಾಗಿಯೇ ಮಂಡಿ ಸವೆಸಿಕೊಂಡು ಮಹಡಿ ಹತ್ತಿ ಎಂದು ನಾನಂತೂ ಹೇಳುವುದಿಲ್ಲ.

ದಾಲ್ ಮಿಲ್ಲಿನ ಮಿಸ್ತ್ರಿ, ಕಪನೂರ

ಕುರ್ಚಿಯವರ ಮಾತು ಓದಿದೆ. ಕುರ್ಚಿಯಿಲ್ಲದವನದೂ ಒಂದಿರಲಿ.

ನಾನು 55ಕ್ಕೇ ಬಿಟ್ಟೆ. ತೊಗರಿಗೆ ಎಣ್ಣೆ ಹಚ್ಚುವುದರಿಂದ ಹಿಡಿದು ಫಟ್ಕಾ ಬೇಳೆ ಚೀಲಕ್ಕೆ ಬೀಳುವವರೆಗೆ ಯಂತ್ರಗಳೆಲ್ಲ ನನ್ನ ಕೈಯಲ್ಲಿದ್ದವು. ಅಂಗಳದಲ್ಲಿ ನಿಂತೇ ಯಾವ ರೋಲರಿನ ಬೇರಿಂಗ್ ಸವೆದಿದೆ ಎಂದು ಸದ್ದಿನ ಮೇಲೆ ಹೇಳುತ್ತಿದ್ದೆ. ಕೊನೆಗೆ ಆ ಸದ್ದೇ ಕಿವಿಯನ್ನು ತಿಂದುಹಾಕಿತು. ಕೆಲಸ ಬಿಟ್ಟ ಮೇಲೆ ಮನೆಯವರು "ಇವರಿಗೆ ಮರೆವು ಶುರುವಾಗಿದೆ, ಸಂತೆಯಿಂದ ಮೂರು ಸಾಮಾನು ಹೇಳಿದರೆ ಒಂದೇ ತರುತ್ತಾರೆ" ಎಂದು ಬೀಗರ ಮುಂದೆಲ್ಲ ಹೇಳಿಕೊಂಡು ಬಂದರು. ಮಗಳು ಹಟ ಹಿಡಿದು ಕಿವಿ ಪರೀಕ್ಷೆ ಮಾಡಿಸಿದಳು. ಎರಡು ಸಾಮಾನು ನನ್ನ ಕಿವಿಗೇ ಬಿದ್ದಿರಲಿಲ್ಲ! ಕಿವಿಗೆ ಯಂತ್ರ ಹಾಕಿಸಿಕೊಂಡ ಮೇಲೆ ಮರೆವೂ ಇಲ್ಲ, ಬೀಗರ ಮುಂದೆ ದೂರೂ ಇಲ್ಲ.

ದೂಳು, ಸದ್ದು, ಬೇಸಿಗೆಯ ಬಿಸಿಲಿನಲ್ಲಿ ತಗಡಿನ ಶೆಡ್ಡು. ಅದರೊಳಗೆ ಇನ್ನೈದು ವರ್ಷ ಇದ್ದಿದ್ದರೆ ನನ್ನ ಬುದ್ಧಿ ಬೆಳಗುತ್ತಿತ್ತು ಎಂದು ಯಾರಾದರೂ ಹೇಳಿದರೆ ಅವರನ್ನು ಮೇ ತಿಂಗಳಿನಲ್ಲಿ ಒಂದು ಪಾಳಿ ಅಲ್ಲಿ ನಿಲ್ಲಿಸಬೇಕು. ಈಗ ಯಂತ್ರ ಕೆಟ್ಟಾಗ ಮಿಲ್ಲಿನವರು ಫೋನು ಮಾಡುತ್ತಾರೆ. ಹೋಗಿ ತೋರಿಸಿಕೊಟ್ಟು ಚಹಾ ಕುಡಿದು ಬರುತ್ತೇನೆ. ಸಂಬಳಕ್ಕಿದ್ದಾಗ ಒಬ್ಬನೂ "ನೀವು ಹೇಳಿದ್ದು ಸರಿ" ಎಂದದ್ದಿಲ್ಲ. ಈಗ ಎಲ್ಲರೂ ಎನ್ನುತ್ತಾರೆ.

ಅಕ್ಕಾವರೇ, ನಿಮ್ಮ ಕೆಲಸದಲ್ಲಿ ಹುಳು ತಿಂದ ಹಾಳೆ ಬಿಟ್ಟರೆ ಬೇರೆ ಅಪಾಯವಿಲ್ಲ. ಇರಿ.

ಬೀದರ ಲೆಕ್ಕಿಗ

ಮಿಸ್ತ್ರಿಯವರ ಮಾತಿಗೂ ಆಧಾರವಿದೆ. 2012ರ ಅಮೆರಿಕದ ಅಧ್ಯಯನವೊಂದರಲ್ಲಿ ಕಚೇರಿ ನೌಕರರಿಗೆ ನಿವೃತ್ತಿಯಿಂದ ಹಾನಿಯೂ ಕಾಣಲಿಲ್ಲ, ಮೈಮುರಿದು ದುಡಿಯುವವರಿಗೆ ಒಳ್ಳೆಯದೇ ಆದಂತೆ ಕಂಡಿತು. 2010ರವರು ಹೇಳಿದ್ದಕ್ಕೆ ಇದು ಪೂರ್ತಿ ಹೊಂದುವುದಿಲ್ಲ. ಎಲ್ಲರಿಗೂ ಒಂದೇ ಉತ್ತರ ಎನ್ನುವವರನ್ನು ನಂಬಬೇಡಿ.

ಶಹಾಪುರದ ದಾದಿ

ಯಾದಗಿರಿ ಜಿಲ್ಲೆಯಲ್ಲಿ ಮೂರು ತಾಲ್ಲೂಕು ಸುತ್ತಿ ನಿವೃತ್ತಳಾದ ಶುಶ್ರೂಷಕಿ ನಾನು. ಮಿಸ್ತ್ರಿಯವರ ಕಿವಿಯ ಮಾತನ್ನು ನಗೆಯಲ್ಲಿ ತೇಲಿಸಬೇಡಿ. ಡಿಮೆನ್ಶಿಯಾ ತಡೆಯ ಬಗ್ಗೆ ಲ್ಯಾನ್ಸೆಟ್ ಪತ್ರಿಕೆಯ ಆಯೋಗ 2024ರಲ್ಲಿ 14 ಅಪಾಯಗಳನ್ನು ಹೆಸರಿಸಿತು. ಅವೆಲ್ಲವನ್ನೂ ತೊಲಗಿಸಿದರೆ ಸುಮಾರು ಶೇ 45 ಪ್ರಕರಣಗಳನ್ನು ತಡೆಯಬಹುದು ಅಥವಾ ಮುಂದೂಡಬಹುದು ಎಂಬ ಅಂದಾಜು. ಕಿವುಡು ಮತ್ತು ಕೆಟ್ಟ ಕೊಲೆಸ್ಟರಾಲ್ ಎರಡೂ ಪಟ್ಟಿಯ ತುದಿಯಲ್ಲಿವೆ. ರಕ್ತದೊತ್ತಡ, ಸಕ್ಕರೆ ಕಾಯಿಲೆ, ಬೀಡಿ ಸಿಗರೇಟು, ಕಣ್ಣಿನ ದೋಷ, ಖಿನ್ನತೆ ಇವೆ. ಜನರ ಒಡನಾಟ ತಪ್ಪಿಹೋಗುವುದೂ ಇದೆ. ನಿವೃತ್ತಿ ಎಂಬ ಹೆಸರು ಆ ಪಟ್ಟಿಯಲ್ಲಿ ಇಲ್ಲ.

ನಿಮ್ಮ ಶಿರಸ್ತೇದಾರರನ್ನು ಯಾರಾದರೂ ವೈದ್ಯರಿಗೆ ತೋರಿಸಿದ್ದಾರೆಯೇ? "ವಯಸ್ಸಾಯಿತು, ಕುರ್ಚಿ ಹೋಯಿತು" ಎಂದು ಕೈ ಕಟ್ಟಿ ಕೂರುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಬಿ12 ಕಡಿಮೆಯಾದರೂ, ಥೈರಾಯ್ಡ್ ಕುಗ್ಗಿದರೂ, ಮನಸ್ಸು ಕುಸಿದರೂ ಥೇಟ್ ಹೀಗೇ ಮರೆವು ಬರುತ್ತದೆ, ಅವಕ್ಕೆ ಚಿಕಿತ್ಸೆಯೂ ಇದೆ. ಮಾಂಸ, ಮೊಟ್ಟೆ ಮುಟ್ಟದೆ ಹಾಲು ಮೊಸರನ್ನೂ ಬಿಟ್ಟವರಲ್ಲಿ, ಸಕ್ಕರೆ ಕಾಯಿಲೆಗೆ ಮೆಟ್ಫಾರ್ಮಿನ್ ಮಾತ್ರೆಯನ್ನು ವರ್ಷಾನುಗಟ್ಟಲೆ ನುಂಗಿದವರಲ್ಲಿ ಬಿ12 ಕೊರತೆ ಸಾಮಾನ್ಯ. ಮೊದಲು ರಕ್ತ ಪರೀಕ್ಷೆ, ಆಮೇಲೆ ವೇದಾಂತ. ಅವರ ಹೆಂಡತಿಗೆ ಇವತ್ತೇ ಫೋನು ಮಾಡಿ.

ಇನ್ನು ಮಗನ ಮುಂದೆ ಕೇಳಲಾಗದ ಪ್ರಶ್ನೆ. ಮೊಮ್ಮಕ್ಕಳನ್ನು ನೋಡಿಕೊಳ್ಳುವ ಅಜ್ಜಿಯರ ಬಗ್ಗೆ ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ ಅಧ್ಯಯನ ಮಾಡಿದ್ದಾರೆ. 57ರಿಂದ 68ರ 186 ಮಹಿಳೆಯರು. ನಿಮ್ಮ ವಯಸ್ಸಿನಿಂದಲೇ ಶುರು. ವಾರಕ್ಕೆ ಒಂದು ದಿನ ಮೊಮ್ಮಕ್ಕಳನ್ನು ನೋಡಿಕೊಂಡವರು ಪರೀಕ್ಷೆಗಳಲ್ಲಿ ಎಲ್ಲರಿಗಿಂತ ಮುಂದಿದ್ದರು. ಐದು ದಿನ ಅಥವಾ ಹೆಚ್ಚು ನೋಡಿಕೊಂಡವರು ಚುರುಕುತನದ ಪರೀಕ್ಷೆಯೊಂದರಲ್ಲಿ ಹಿಂದೆ ಬಿದ್ದರು. ಹೆಚ್ಚು ದಿನ ನೋಡಿಕೊಂಡವರೇ "ಹೆತ್ತ ಮಕ್ಕಳು ನಮ್ಮಿಂದ ಬಹಳ ನಿರೀಕ್ಷಿಸುತ್ತಾರೆ" ಎಂದು ಹೆಚ್ಚಾಗಿ ಹೇಳಿಕೊಂಡವರು. ಚಿಕ್ಕ ಅಧ್ಯಯನ, ದೂರದ ದೇಶ, ಒಪ್ಪುತ್ತೇನೆ. ಆದರೆ ನಮ್ಮ ಕಡೆ ಅಜ್ಜಿ ಎಂದರೆ ವಾರಕ್ಕೆ ಏಳು ದಿನ. ಭಾನುವಾರ ಮಗ ಸೊಸೆ ಸಿನಿಮಾಕ್ಕೆ ಹೋಗುತ್ತಾರೆ.

ದಫ್ತರದಾಕೆ, ಕಲಬುರಗಿ

ದಾದಿಯವರೇ, ಫೋನು ಮಾಡಿದೆ. ರಕ್ತ ಪರೀಕ್ಷೆ ಆಗಿಲ್ಲ. ಸಕ್ಕರೆ ಮಾತ್ರೆ ಇದೆ, ಬಹಳ ವರ್ಷಗಳಿಂದ. ಸೋಮವಾರ ಕರೆದೊಯ್ಯುತ್ತಾರೆ.

ಭಾನುವಾರದ ಸಿನಿಮಾದ ಬಗ್ಗೆ ನಾನು ಏನೂ ಹೇಳುವುದಿಲ್ಲ, ಸೊಸೆ ಕನ್ನಡ ಓದುತ್ತಾಳೆ.

ಕಳೆದ ಬೇಸಿಗೆಯಲ್ಲಿ ಅಲ್ಲಿಗೆ ಹೋಗಿ ಬಂದೆ. ಮೊಮ್ಮಗಳ ಜೊತೆ ಹೊತ್ತು ಹೋದದ್ದೇ ತಿಳಿಯಲಿಲ್ಲ. ಅವಳು ಮಲಗಿದ ಮೇಲೆ ಮಾತ್ರ ಗೋಡೆ ನೋಡುತ್ತಾ ಕೂರಬೇಕು. ಎದುರು ಮನೆಯವರ ಬಾಗಿಲು ತೆರೆದದ್ದನ್ನು ನಾನು ಕಾಣಲಿಲ್ಲ. ಇಲ್ಲಿ ಒಂದು ದಿನಕ್ಕೆ ಎಷ್ಟು ಊರಿನ ಜನ ಕಿಟಕಿಯ ಮುಂದೆ ನಿಲ್ಲುತ್ತಾರೆ! ಬೈಯುತ್ತಾರೆ, ಗೋಗರೆಯುತ್ತಾರೆ, ನಕಲು ಸಿಕ್ಕಿದರೆ ತೊಗರಿ ಬೇಳೆಯ ಚೀಲ ತಂದುಕೊಡುತ್ತೇನೆ ಎನ್ನುತ್ತಾರೆ. ಬೇಡ ಎಂದು ಕಳಿಸುವುದೇ ಒಂದು ಕೆಲಸ. ಮರುದಿನ ಅವರು ಬಂದಾಗ ಯಾವ ಊರು, ಯಾವ ನಂಬರ್, ಎಲ್ಲಿಗೆ ಓದಿ ನಿಲ್ಲಿಸಿದ್ದೆ ಎಂಬುದು ನನಗೆ ನೆನಪಿರಲೇಬೇಕು. ಮರೆತರೆ ಒಬ್ಬರ ಹೊಲ ಇನ್ನೊಬ್ಬರಿಗೆ ಹೋಗುತ್ತದೆ. ಪುಣೆಯಲ್ಲಿ ನಾನು ಏನನ್ನು ಮರೆತರೂ ಯಾರಿಗೂ ನಷ್ಟವಿಲ್ಲ. ಹೆದರಿಕೆ ಇರುವುದು ಅದಕ್ಕೇ ಎಂದು ಇದನ್ನು ಬರೆಯುವಾಗ ಅನ್ನಿಸುತ್ತಿದೆ.

ಮೂರು ವರ್ಷ ನಿಂತರೂ 60ಕ್ಕೆ ಆ ಕಿಟಕಿ ಮುಚ್ಚಲೇಬೇಕಲ್ಲ. ಆಮೇಲೆ?

ಬೀದರ ಲೆಕ್ಕಿಗ

ಇದಕ್ಕೆ ಚೀನಾದಿಂದ ಒಂದು ಉದಾಹರಣೆ. 2009ರಲ್ಲಿ ಅಲ್ಲಿನ ಹಳ್ಳಿಗರಿಗೆ ಹೊಸ ಪಿಂಚಣಿ ಯೋಜನೆ ಬಂತು, 60 ತುಂಬಿದವರಿಗೆ ಹಣ. ಪಿಂಚಣಿ ಬಂದವರ ನಿದ್ದೆ ಸುಧಾರಿಸಿತು, ಕುಡಿತ ತಗ್ಗಿತು. ಹಾಗಿದ್ದರೂ ಕೇಳಿದ ಪದಗಳನ್ನು ಸ್ವಲ್ಪ ಹೊತ್ತಿನ ಮೇಲೆ ನೆನಪಿಸಿಕೊಳ್ಳುವ ಶಕ್ತಿ ಕುಂದಿತು, ಅದರಲ್ಲೂ ಹೆಂಗಸರಲ್ಲಿ. ಅಧ್ಯಯನ ಮಾಡಿದವರು ಬೊಟ್ಟು ಮಾಡಿದ್ದು ಒಡನಾಟದ ಕಡೆಗೆ: ನಾಲ್ಕು ಜನರ ಜೊತೆ ಬೆರೆಯುವುದು, ಊರ ಕೆಲಸಕ್ಕೆ ಕೈ ಹಾಕುವುದು ಕಡಿಮೆಯಾಗಿತ್ತು. ದೇಹಕ್ಕೆ ಒಳ್ಳೆಯದಾದದ್ದು ತಲೆಗೂ ಒಳ್ಳೆಯದಾಗಲೇಬೇಕೆಂದಿಲ್ಲ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಲೆಕ್ಕ ನಾನು ಕಂಡಿಲ್ಲ. ನಿಮ್ಮ ಕಿಟಕಿಯ ಮಾತು ಅಲ್ಲಿಗೇ ಬಂದು ನಿಲ್ಲುತ್ತದೆ.

ನಿಮ್ಮ ಪಾಲಿಗೆ ಒಂದು ಒಳ್ಳೆಯ ಸುದ್ದಿಯೂ ಇದೆ. ಹೈದರಾಬಾದಿನ ನಿಮ್ಸ್ ಆಸ್ಪತ್ರೆಯಲ್ಲಿ ಸುವರ್ಣಾ ಅಲ್ಲಾಡಿ ಮತ್ತು ಜೊತೆಗಾರರು 648 ಡಿಮೆನ್ಶಿಯಾ ರೋಗಿಗಳನ್ನು ನೋಡಿ 2013ರಲ್ಲಿ ಪ್ರಕಟಿಸಿದರು. ಎರಡು ಅಥವಾ ಹೆಚ್ಚು ಭಾಷೆ ಆಡುವವರಲ್ಲಿ ಕಾಯಿಲೆ ಕಾಣಿಸಿಕೊಂಡದ್ದು ಒಂದೇ ಭಾಷೆಯವರಿಗಿಂತ ನಾಲ್ಕೂವರೆ ವರ್ಷ ತಡವಾಗಿ. ಓದು ಬರಹ ಬಾರದವರಲ್ಲೂ ಅಂತರ ಇತ್ತು. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ಉರ್ದು, ಪುಣೆಯಲ್ಲಿ ಮರಾಠಿ. ಬೀದರಿನಲ್ಲಿ ನಮಗಿದು ದಿನನಿತ್ಯದ ಸಂಗತಿಯಾದ್ದರಿಂದ ಅದರ ಬೆಲೆ ನಮಗೆ ಗೊತ್ತಿಲ್ಲ.

ಈಗ ನಿಮ್ಮ "ಆಮೇಲೆ". ಶಿಕಸ್ತಾ ಓದುವವರು ಪುಣೆಯಲ್ಲಿ ಇರಲಿಕ್ಕಿಲ್ಲ, ಆದರೆ ಕಲಬುರಗಿಯಲ್ಲೂ ನಿಮ್ಮ ನಂತರ ಯಾರೂ ಇಲ್ಲ. ಒಬ್ಬ ಹುಡುಗನನ್ನೋ ಹುಡುಗಿಯನ್ನೋ ಹಿಡಿದು ಕಲಿಸಲು ಶುರು ಮಾಡಿ. ಆಮೇಲೆ ನೀವು ಎಲ್ಲಿದ್ದರೂ ಚುಕ್ಕೆ ಮೇಲೋ ಕೆಳಗೋ ಎಂದು ಮೊಬೈಲಿನಲ್ಲಿ ಚಿತ್ರ ಕಳಿಸಿ ಕೇಳುತ್ತಲೇ ಇರುತ್ತಾರೆ. ಮಿಸ್ತ್ರಿಯವರನ್ನು ಮಿಲ್ಲಿನವರು ಕರೆಯುವ ಹಾಗೆ.

ಮತ್ತೆ, ನೋಟಿಸಿಗೆ ಏಕೆ ಅವಸರ? ನಿಮ್ಮ ಖಾತೆಯಲ್ಲಿ ಗಳಿಕೆ ರಜೆ ಎಷ್ಟಿದೆ ನೋಡಿ. ಇಷ್ಟು ವರ್ಷ ದುಡಿದವರಿಗೆ 300 ದಿನದ ಮಿತಿ ಮುಟ್ಟಿರುವ ಸಾಧ್ಯತೆ ಇದೆ. ಮಿತಿ ಮುಟ್ಟಿದರೆ ಮುಂದೆ ಸೇರುವುದು ವ್ಯರ್ಥ. ಎರಡು ತಿಂಗಳು ರಜೆ ಹಾಕಿ ಪುಣೆಯಲ್ಲಿದ್ದು ನೋಡಿ. ಒಗ್ಗಿದರೆ ಅಲ್ಲಿಂದಲೇ ಯೋಚಿಸಬಹುದು, ಒಗ್ಗದಿದ್ದರೆ ಕುರ್ಚಿ ಇದ್ದೇ ಇರುತ್ತದೆ. ಹೋಗುವ ಮೊದಲೇ ಮಗನ ಹತ್ತಿರ ಒಪ್ಪಂದ ಮಾಡಿಕೊಳ್ಳಿ, ಮಗು ಅರ್ಧ ದಿನ ಶಿಶುವಿಹಾರಕ್ಕೆ ಹೋಗಬೇಕು ಎಂದು.

ದಾಲ್ ಮಿಲ್ಲಿನ ಮಿಸ್ತ್ರಿ, ಕಪನೂರ

ಭಾನುವಾರ ಅಜ್ಜಿಗೆ ರಜೆ ಎಂಬುದನ್ನೂ ಒಪ್ಪಂದದಲ್ಲಿ ಬರೆಸಿ. ಸಹಿ ಹಾಕಿಸಿಕೊಳ್ಳಿ. ಕನ್ನಡದಲ್ಲೇ, ಚುಕ್ಕೆಯ ತಕರಾರು ಬೇಡ.

ದಫ್ತರದಾಕೆ, ಕಲಬುರಗಿ

ರಜೆ ಖಾತೆ ನೋಡಿದೆ. ಮಿತಿ ಮುಟ್ಟಿ ಎಷ್ಟೋ ಕಾಲವಾಗಿದೆ, ನನಗೆ ಪರಿವೆಯೇ ಇರಲಿಲ್ಲ. ಏಪ್ರಿಲ್, ಮೇ ಎರಡು ತಿಂಗಳಿಗೆ ಅರ್ಜಿ ಕೊಡುತ್ತಿದ್ದೇನೆ. ಬೇಸಿಗೆಯಲ್ಲಿ ನಮ್ಮ ಕಚೇರಿ ಬೆಳಿಗ್ಗೆ ಎಂಟಕ್ಕೇ ಶುರುವಾಗಿ ಮಧ್ಯಾಹ್ನಕ್ಕೆ ಮುಗಿಯುವುದರಿಂದ ಸಾಹೇಬರು ಹೆಚ್ಚು ತಕರಾರು ಮಾಡಲಿಕ್ಕಿಲ್ಲ.

ಕಲಿಸಲು ಒಬ್ಬ ಹುಡುಗಿ ಇದ್ದಾಳೆ. ಈಚೆಗೆ ಸೇರಿದ ದ್ವಿತೀಯ ದರ್ಜೆ ಸಹಾಯಕಿ, ಚಿಂಚೋಳಿಯವಳು. ಉರ್ದು ಮಾತು ಚೆನ್ನಾಗಿ ಬರುತ್ತದೆ, ಲಿಪಿ ಬಾರದು. ನಿನ್ನೆ ಊಟದ ಬಿಡುವಿನಲ್ಲಿ ಅಫಜಲಪುರದ ಅದೇ ಹಾಳೆ ಮುಂದಿಟ್ಟು "ಇದು ಯಾರ ಹೆಸರು ಹೇಳು" ಎಂದೆ. ಬಹಳ ಹೊತ್ತು ನೋಡಿ, "ಮೇಡಂ, ಇದು ಅಕ್ಷರವೋ, ಹುಳು ತಿಂದ ತೂತೋ?" ಎಂದು ಕೇಳಿದಳು. ಏಪ್ರಿಲ್‌ಗೆ ಮೊದಲು ಅಲಿಫ್, ಬೇ ಮುಗಿಸಬೇಕು.